ಎಳ್ಳು ಬೀರೋಕೆ ಮಗಳನ್ನ ಹೇಗೆ ಕಳಿಸ್ಲಿ? ಕಡ್ಲೆಬೀಜ, ಎಳ್ಳು ಎರಡೂ ಆಗಲ್ಲ

ಹಾಸನದ ಅಮ್ಮ:
ನಮಸ್ಕಾರ, ನನ್ನ ಮಗಳಿಗೆ 5 ವರ್ಷ, ಕಡ್ಲೆಬೀಜ ಎಳ್ಳು ಎರಡಕ್ಕೂ ಜೋರು ಅಲರ್ಜಿ. ಹೋದ ವರ್ಷ ಒಂದು ಸೀಮಂತದಲ್ಲಿ ಯಾರೋ ಪ್ರೀತಿಯಿಂದ ಅರ್ಧ ನಿಪ್ಪಟ್ಟು ಕೈಗೆ ಕೊಟ್ರು, ಹತ್ತು ನಿಮಿಷ ಆಗಿಲ್ಲ, ತುಟಿ ಊದಿ ಮೈಯೆಲ್ಲ ಗಂಧೆ ಎದ್ದು ವಾಂತಿ ಮಾಡ್ಕೊಂಡು ಆಮೇಲೆ ಉಸಿರಾಡಿದ್ರೆ ಸುಯ್ ಸುಯ್ ಅಂತ ಸದ್ದು. ಸುತ್ತ ಇದ್ದವರು ಪಿತ್ತ ಕಣೇ, ದೊಡ್ಡಪತ್ರೆ ಉಜ್ಜು ಸರಿಹೋಗುತ್ತೆ ಅಂತಿದ್ರು, ನಾನು ಎತ್ಕೊಂಡು ಆಸ್ಪತ್ರೆಗೆ ಓಡ್ದೆ. ತೊಡೆಗೆ ಅಡ್ರಿನಲಿನ್ ಇಂಜೆಕ್ಷನ್ ಕೊಟ್ಟ ಮೇಲೆ ಉಸಿರು ಸಲೀಸಾಯ್ತು.

ಅದನ್ನ ಕಣ್ಣಾರೆ ನೋಡಿದ ಮೇಲೂ ನಮ್ಮತ್ತೆ ಒಂದೊಂದೇ ಕಾಳು ಕೊಟ್ಟು ರೂಢಿ ಮಾಡ್ಸು ಅಂತಾರೆ. ನಾದಿನಿ ಅಂತೂ ಎಲ್ರ ಮುಂದೆ, ನೀನೇ ಮಗೂನ ಹೆದರುಪುಕ್ಲಿ ಮಾಡ್ತಿದೀಯ ಅಂದ್ಬಿಟ್ಲು. ಈಗ ಸಂಕ್ರಾಂತಿ ಬಂತು, ಬೀದಿ ಹುಡುಗೀರೆಲ್ಲ ಲಂಗ ಹಾಕ್ಕೊಂಡು ಎಳ್ಳು ಬೀರೋಕೆ ಹೊರಡ್ತಾರೆ, ಹೋದ ಸಲ ಇವಳು ಕಿಟಕಿ ಸರಳು ಹಿಡ್ಕೊಂಡು ನೋಡ್ತಾ ನಿಂತಿದ್ಲು. ಕಳಿಸ್ದೆ ಇರೋಕೆ ಮನಸ್ಸಿಲ್ಲ, ಕಳಿಸೋಕೆ ಧೈರ್ಯ ಇಲ್ಲ. ನೀವೆಲ್ಲ ಏನ್ ಮಾಡ್ತೀರ?

ಚಿಕ್ಕಮಗಳೂರಿಂದ:
ನನ್ನ ಮಗನಿಗೂ ಕಡ್ಲೆಬೀಜ ಆಗಲ್ಲ, ನಿಮ್ಮ ಸಂಕಟ ಗೊತ್ತು. ನಾವು ತಟ್ಟೇಲಿ ಮನೇಲೇ ಮಾಡಿದ ಸಕ್ಕರೆ ಅಚ್ಚು, ಕಬ್ಬು, ಬಾಳೆಹಣ್ಣು ಅಷ್ಟೇ ಇಡೋದು. ಬೇರೆಯವರು ಕೊಡೋ ಎಳ್ಳು ಬೆಲ್ಲಕ್ಕೆ ಮುಚ್ಚಳ ಇರೋ ಡಬ್ಬಿ ಬೇರೆ ತಗೊಂಡು ನೀವೇ ಜೊತೆಗೆ ಹೋಗಿ, ಅದನ್ನ ಮಗು ಕೈಗೆ ಕೊಡಬೇಡಿ. ಬಂದ ತಕ್ಷಣ ಸೋಪಲ್ಲಿ ಕೈ ತೊಳೆಸಿ, ಸ್ಯಾನಿಟೈಸರ್ ಹಚ್ಚಿದ್ರೆ ಕಡ್ಲೆಬೀಜದ ಅಂಶ ಹೋಗಲ್ಲ.

ಅತ್ತೆ ವಿಷ್ಯ, ನಮ್ಮತ್ತೇನೂ ನಂಬ್ತಿರ್ಲಿಲ್ಲ. ಒಂದಿನ ಸಿರಿಂಜಿಗೆ ನೀರು ತುಂಬಿ ಕಿತ್ತಳೆ ಹಣ್ಣು ಮುಂದಿಟ್ಟು, ನಾನಿಲ್ದೇ ಇದ್ದಾಗ ನೀವೇ ಚುಚ್ಚಬೇಕಾಗುತ್ತೆ ಅತ್ತೆ, ಕಲ್ತ್ಕೊಳಿ ಅಂದೆ. ಕೈ ನಡುಗ್ತಿತ್ತು ಅವರಿಗೆ. ಅವತ್ತಿಂದ ರೂಢಿ ಮಾತು ನಿಂತಿದೆ.

ಸಕಲೇಶಪುರದ ನರ್ಸ್:
ಒಂದೊಂದೇ ಕಾಳು ಕೊಡೋದು ಮನೇಲಿ ಖಂಡಿತ ಬೇಡ ಅಕ್ಕ. ಆ ಥರ ಚಿಕಿತ್ಸೆ ಇದೆ, ಆದ್ರೆ ಅದನ್ನ ಅಲರ್ಜಿ ಡಾಕ್ಟ್ರ ನಿಗಾದಲ್ಲೇ ಅಳತೆ ಮಾಡಿ ಶುರು ಮಾಡೋದು. ಇನ್ನೊಂದು, ಸಿಟ್ರಿಜಿನ್ ಅನ್ನೋ ಅಲರ್ಜಿ ಔಷಧಿ ಕೊಟ್ರೆ ತುರಿಕೆ ಕಮ್ಮಿ ಆಗಬಹುದು, ಉಸಿರು ಕಟ್ಟೋದು ನಿಲ್ಲಲ್ಲ, ಅದಕ್ಕೆ ಅಡ್ರಿನಲಿನ್ನೇ ಬೇಕು, ತೊಡೆಯ ಹೊರಭಾಗಕ್ಕೆ, ತಡ ಮಾಡ್ದೆ. ಡೋಸ್ ಮಗು ತೂಕದ ಮೇಲೆ, ಡಾಕ್ಟ್ರ ಹತ್ರ ಬರೆಸಿ ಇಟ್ಕೊಳಿ. ಕೊಟ್ಟ ಮೇಲೆ 108ಕ್ಕೆ ಫೋನ್ ಮಾಡಿ, ಮಗೂನ ನಡೆಸಬೇಡಿ. ಸರಿಹೋಯ್ತು ಅಂತ ಮನೆಗೆ ಕರ್ಕೊಂಡು ಬಂದ್ರೆ ಕೆಲವು ಗಂಟೆ ಬಿಟ್ಟು ಅಲರ್ಜಿ ಮತ್ತೆ ತಿರುಗಿ ಬರೋದುಂಟು.

ಬೇಲೂರು ಕಡೆ ಟೀಚರ್:
ನಮ್ಮ ಶಾಲೇಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಚಿಕ್ಕಿ ಕೊಡ್ತಿದ್ವಿ. ಒಬ್ಬ ಹುಡುಗ ಗಂಟ್ಲು ಕೆರೆಯುತ್ತೆ ಮಿಸ್ ಅಂದ, ಹಠ ಅಂದ್ಕೊಂಡು ಗದರಿಸ್ದೆ. ಮಾರನೇ ದಿನ ಅವರಮ್ಮ ಬಂದು ಡಾಕ್ಟ್ರ ಚೀಟಿ ತೋರಿಸಿದಾಗ ನಂಗೆ ತಲೆ ಎತ್ತೋಕಾಗ್ಲಿಲ್ಲ. ಶಾಲೆಗೆ ಬಾಯಲ್ಲಿ ಹೇಳಿ ಬಿಡಬೇಡಿ, ಕನ್ನಡದಲ್ಲಿ ಬರೆದು ಟೀಚರಿಗೂ ಅಡುಗೆಯವರಿಗೂ ಕೊಡಿ.

ಹಾಸನದ ಅಮ್ಮ:
ಎಲ್ಲಾನೂ ಅತ್ತೆಗೆ ಓದಿ ಹೇಳ್ದೆ. ಏನೂ ಮಾತಾಡ್ಲಿಲ್ಲ. ಸಂಜೆ ಅಟ್ಟದಿಂದ ಸಕ್ಕರೆ ಅಚ್ಚಿನ ಮಣೆ ಇಳಿಸಿ ಕೊಟ್ಟು, ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ತೊಳಿ, ಸಂದೀಲಿ ಎಳ್ಳು ಸಿಕ್ಕಿರುತ್ತೆ ಅಂದ್ರು.