ಅಪ್‌ಡೇಟ್: ತಡಿಯಂಡಮೋಳ್ ದಾರಿಯ ತುಂಬಿದ ಹಳ್ಳ ದಾಟಿದೆವು

ಮಳೆ ಪೂರ್ತಿ ಬಿಡುವ ಮೊದಲೇ ಕೊಡಗಿನ ತಡಿಯಂಡಮೋಳ್ ಬೆಟ್ಟ ಹತ್ತಬೇಕು, ಹಳ್ಳ ದಾಟುವುದು ಹೇಗೆ, ಇಂಬಳಕ್ಕೆ (ಕಾಡಿನ ಜಿಗಣೆಗೆ) ಏನು ಮದ್ದು ಎಂದು ಹಿಂದಿನ ವಾರ ಕೇಳಿದ್ದೆ. ಭಾನುವಾರ ಹೋಗಿ ಬಂದೆವು.

‘ನಸುಕಿನಲ್ಲೇ ದಾಟಿ’ ಎಂಬ ಸಲಹೆ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಅದು ಹಿಮಾಲಯದ ಲೆಕ್ಕ: ಅಲ್ಲಿ ಬಿಸಿಲೇರಿ ಹಿಮ ಕರಗಿದ ಮೇಲೆ ನೀರು ಹೆಚ್ಚುತ್ತದೆ. ನಮ್ಮಲ್ಲಿ ರಾತ್ರಿಯಿಡೀ ಮಳೆ ಹೊಯ್ದು, ಬೆಳಗ್ಗೆಯೇ ಹಳ್ಳ ಕೆಂಪಗೆ ಮೊರೆಯುತ್ತಿತ್ತು. ‘ಕಾದು ನೋಡಿ’ ಎಂದವರ ಮಾತೇ ಉಳಿಸಿತು. ದಡದ ಬಂಡೆಯ ಮೇಲೆ ಕಣ್ಣಿಟ್ಟು ಕುಳಿತೆವು. ಮಳೆ ನಿಂತು ಎರಡು ಗಂಟೆಯಾಗುವಷ್ಟರಲ್ಲಿ ಒದ್ದೆ ಗೆರೆಯಿಂದ ನೀರು ಒಂದು ಗೇಣು ಕೆಳಗಿಳಿದಿತ್ತು, ತಳದ ಕಲ್ಲುಗಳೂ ಕಂಡವು. ಇಷ್ಟು ಬೇಗ ಇಳಿಯುತ್ತದೆಂದು ನಾನು ಎಣಿಸಿರಲಿಲ್ಲ. ಬೂಟು ಬಿಚ್ಚದೆ, ಚೀಲದ ಸೊಂಟಪಟ್ಟಿ ಸಡಿಲಿಸಿ, ಬಿದಿರುಕೋಲು ಊರಿ ಒಬ್ಬೊಬ್ಬರಾಗಿ ದಾಟಿದೆವು.

ಇಂಬಳಕ್ಕೆ ಹಚ್ಚಿದ ಉಪ್ಪು ಹತ್ತೇ ನಿಮಿಷದಲ್ಲಿ ತೊಳೆದುಹೋಯಿತು. ಮೊಣಕಾಲಿನವರೆಗಿನ ಒತ್ತುನೇಯ್ಗೆಯ ಕಾಲುಚೀಲ ಹಾಕಿದವರಿಗೆ ಒಂದೂ ಕಚ್ಚಲಿಲ್ಲ.

1,748 ಮೀಟರ್ ಎತ್ತರದ ತುದಿಯಲ್ಲಿ ಮಂಜು ಸರಿದದ್ದು ಸ್ವಲ್ಪವೇ ಹೊತ್ತು. ಆ ಹಸಿರು ಇನ್ನೂ ಕಣ್ಣಲ್ಲಿದೆ. ಹೊರಡುವವರು ಅರಣ್ಯ ಇಲಾಖೆಯ ಅನುಮತಿಯನ್ನು ಮೊದಲೇ ವಿಚಾರಿಸಿಕೊಳ್ಳಿ. ಸಲಹೆ ಕೊಟ್ಟ ಎಲ್ಲರಿಗೂ ಮನಸಾರೆ ಧನ್ಯವಾದ.