ಕರ್ತನ ಪ್ರಾರ್ಥನೆಯ ಯೆಹೂದ್ಯ ಮೂಲ

ಪ್ರಶ್ನೆ: ‘ನಿನ್ನ ನಾಮವು ಪರಿಶುದ್ಧವೆಂದು ಎಣಿಸಲ್ಪಡಲಿ, ನಿನ್ನ ರಾಜ್ಯವು ಬರಲಿ’ ಎಂದು ಭಾನುವಾರದ ಆರಾಧನೆಯಲ್ಲಿ ಕರ್ತನ ಪ್ರಾರ್ಥನೆಯನ್ನು ಹೇಳುವಾಗಲೆಲ್ಲ, ಈ ಮಾತುಗಳನ್ನು ಯೇಸುಸ್ವಾಮಿಯವರು ಹೊಸದಾಗಿ ಕಲಿಸಿದರೋ ಅಥವಾ ಅವರು ಬೆಳೆದ ಯೆಹೂದ್ಯ ಸಂಪ್ರದಾಯದಲ್ಲಿಯೇ ಇವುಗಳ ಬೇರಿದೆಯೋ ಎಂಬ ಸಂದೇಹ ನನಗೆ ಬರುತ್ತದೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಯೆಹೂದ್ಯರ ಅರಮಾಯಿಕ್ ಪ್ರಾರ್ಥನೆಯಾದ ಕದ್ದೀಶ್ ಕೂಡ ದೇವರ ಮಹಾನಾಮವು ಘನತೆ ಹೊಂದಿ ಪವಿತ್ರವೆನಿಸಲಿ, ಆತನು ತನ್ನ ರಾಜ್ಯವನ್ನು ಬೇಗನೆ ಸ್ಥಾಪಿಸಲಿ ಎಂದೇ ಆರಂಭವಾಗುತ್ತದೆ, ಎರಡು ಬೇಡಿಕೆಗಳೂ ಅದೇ ಕ್ರಮದಲ್ಲಿ ಬರುವುದನ್ನು ಗಮನಿಸಿ. ಆದರೆ ಕದ್ದೀಶಿನ ಈಗಿನ ಪಾಠವು ಯೇಸುವಿನ ಕಾಲಕ್ಕಿಂತ ಈಚೆಗೆ ರೂಪುಗೊಂಡದ್ದರಿಂದ, ಒಂದರಿಂದ ಇನ್ನೊಂದು ಹುಟ್ಟಿತೆನ್ನುವುದಕ್ಕಿಂತ ಎರಡೂ ಒಂದೇ ಬಾವಿಯ ನೀರು ಎನ್ನುವುದು ಸರಿ.

ಉತ್ತರ 2: ‘ಆಮೆನ್’, ‘ಹಲ್ಲೆಲೂಯಾ’ ಹೀಬ್ರೂ ಪದಗಳೆಂಬುದು ಎಲ್ಲರಿಗೂ ಗೊತ್ತು. ನನಗೆ ಹೆಚ್ಚು ಕುತೂಹಲವೆನಿಸುವುದು ಡಿಡಖೆ ಎಂಬ ಆದಿಸಭೆಯ ಗ್ರೀಕ್ ಕೈಪಿಡಿ. ‘ಕಪಟಿಗಳಂತೆ’, ಎಂದರೆ ಆಗಿನ ಯೆಹೂದ್ಯರಂತೆ, ಸೋಮವಾರ ಮತ್ತು ಗುರುವಾರ ಉಪವಾಸವಿರದೆ ಬುಧವಾರ ಮತ್ತು ಶುಕ್ರವಾರ ಇರಬೇಕೆಂದು ಹೇಳುವ ಅದು, ಕರ್ತನ ಪ್ರಾರ್ಥನೆಯನ್ನು ದಿನಕ್ಕೆ 3 ಸಲ ಹೇಳಬೇಕೆಂದೂ ವಿಧಿಸುತ್ತದೆ. ದಿನಕ್ಕೆ ಮೂರು ಸಲ ಪ್ರಾರ್ಥಿಸುವ ರೂಢಿಯಾದರೋ ಯೆಹೂದ್ಯರ ಪವಿತ್ರಶಾಸ್ತ್ರದ ದಾನಿಯೇಲನ ಗ್ರಂಥದಲ್ಲಿಯೇ ಇದೆ. ಯೆಹೂದ್ಯರಿಂದ ಬೇರೆಯಾಗುವ ಆತುರದಲ್ಲಿ ಉಪವಾಸದ ವಾರ ಬದಲಾಯಿತೇ ಹೊರತು ಚೌಕಟ್ಟು ಬದಲಾಗಲಿಲ್ಲ!

ಉತ್ತರ 3: ಯೆಶಾಯ 6:3ರ ‘ಪರಿಶುದ್ಧನು, ಪರಿಶುದ್ಧನು, ಪರಿಶುದ್ಧನು’ ಎಂಬ ಘೋಷವನ್ನೂ ಸೇರಿಸಿಕೊಳ್ಳಿ. ಯೆಹೂದ್ಯರ ಸಭಾಮಂದಿರದಲ್ಲಿ ಹೇಳುವ ಕೆದುಷಾ ಎಂಬ ಸ್ತುತಿಯಲ್ಲಿಯೂ ಕ್ರೈಸ್ತರ ಪರಮಪ್ರಸಾದದ ಪ್ರಾರ್ಥನೆಯಲ್ಲಿಯೂ ಇಂದಿಗೂ ಅದೇ ವಾಕ್ಯ ಕೇಳಿಸುತ್ತದೆ.