ಕೋವಿ ಕಪಾಟಿನ ದೀಪ: ತೆರೆದರೆ ಹತ್ತುವುದಿಲ್ಲ, ಸೆಲ್ಲು ಮಾತ್ರ ಖಾಲಿ

ತೋಟದಮನೆ, ಶಿರಸಿ: ತಲೆ ಕೆಟ್ಟುಹೋಗಿದೆ. ಬೆಳೆ ರಕ್ಷಣೆಯ ಕೋವಿ ಇಡುವ ಕಬ್ಬಿಣದ ಕಪಾಟಿನೊಳಗೆ 12 ವೋಲ್ಟಿನ ಎಲ್‌ಇಡಿ ಪಟ್ಟಿ ಅಂಟಿಸಿದ್ದೇನೆ. ಬಾಗಿಲು ತೆರೆದರೆ ತಾನೇ ಹತ್ತಬೇಕು, ಹತ್ತುವುದಿಲ್ಲ. ಸಂಜೆ ಹಾಕಿದ ಎಂಟು ಪೆನ್ಸಿಲ್ ಸೆಲ್ಲುಗಳು ಬೆಳಗಾಗುವುದರಲ್ಲಿ ಸತ್ತಿದ್ದವು. ಮತ್ತೆ ಎಂಟು ಹಾಕಿದೆ, ಅವೂ ಸತ್ತವು. ನಡುರಾತ್ರಿ ತೋಟಕ್ಕೆ ಹಂದಿ ನುಗ್ಗಿದಾಗ ಬಾಯಲ್ಲಿ ಟಾರ್ಚು ಕಚ್ಚಿಕೊಂಡು ಕೋವಿಯ ತೋಟೆ ಹುಡುಕುವ ಪಾಡು ಇನ್ನೆಷ್ಟು ದಿನ? ಜೋಡಣೆಯೆಲ್ಲ ಸರಿಯಾಗಿಯೇ ಇದೆ.

ಕಡಲಬದಿ, ಕಾರವಾರ: ತೇವದ ಕೆಲಸವೇ. ನಮ್ಮಲ್ಲಿ ಉಪ್ಪುಗಾಳಿಗೆ ಬಿಜಾಗರಿಯೇ ಉದುರುತ್ತದೆ, ತಂತಿ ಯಾವ ಲೆಕ್ಕ? ಬೆಸುಗೆಯ ಕಡೆ ಹಸಿರು ಕಟ್ಟಿದೆಯೇ ನೋಡಿ.

ತೋಟದಮನೆ: ಹೊಸ ಪಟ್ಟಿ ರಾಯರೇ. ಹಸಿರೂ ಇಲ್ಲ, ಕೆಂಪೂ ಇಲ್ಲ.

ಕಡಲಬದಿ: ಕಣ್ಣಿಗೆ ಕಾಣದಷ್ಟು ಇರುತ್ತದೆ. ನೀಲಿ ಸಿಲಿಕಾ ಜೆಲ್ ಇಡಿ. ತೇವ ಹೀರಿ ಗುಲಾಬಿಯಾದರೆ ಬಾಣಲೆಯಲ್ಲಿ ಬಿಸಿ ಮಾಡಿ, ಮತ್ತೆ ನೀಲಿಯಾಗುತ್ತದೆ.

ಯಲ್ಲಾಪುರದವ: ಬಾಣಲೆಯಲ್ಲಿಯೇ? ಆ ನೀಲಿ ಕೋಬಾಲ್ಟಿನದು, ಅಡುಗೆ ಪಾತ್ರೆಗೆ ಹಾಕಬೇಡಿ. ನನ್ನ ಕ್ಯಾಮೆರಾ ಪೆಟ್ಟಿಗೆಯಲ್ಲಿ ಸೊನ್ನೆ ವಾಟಿನ ಬಲ್ಬು ಉರಿಸಿ ಹನ್ನೆರಡು ಮಳೆಗಾಲ ದಾಟಿಸಿದ್ದೇನೆ. ಒಂದು ಲೆನ್ಸಿಗೂ ಬೂಷ್ಟು ಹಿಡಿದಿಲ್ಲ.

ಕಡಲಬದಿ: ಸೊನ್ನೆ ಎನ್ನುವುದು ಹೆಸರಿಗೆ, ಹಳೆಯದು ಹದಿನೈದು ವಾಟ್ ತಿನ್ನುತ್ತದೆ. ತೋಟೆಯ ಪಕ್ಕ ಬಿಸಿ ಬಲ್ಬು ಇಡಿಸುತ್ತೀರಾ?

ಯಲ್ಲಾಪುರದವ: ನಾನು ಹೇಳಿದ್ದು ಕ್ಯಾಮೆರಾ ಪೆಟ್ಟಿಗೆಯ ವಿಷಯ. ಓದಿ ಬರೆಯಿರಿ.

ತೋಟದಮನೆ: ಸ್ವಾಮಿ, ನನ್ನ ದೀಪ!

ಸಿದ್ದಾಪುರ ವೈರಿಂಗ್: ಸ್ವಿಚ್ಚು ಯಾವುದು ಭಾವ? ಅದನ್ನೇ ಹೇಳಲಿಲ್ಲವಲ್ಲ.

ತೋಟದಮನೆ: ಆಯಸ್ಕಾಂತದ್ದು. ಎಲ್ಲರೂ ಹಾಕುವುದು ಅದೇ ಅಲ್ಲವೇ? ಕಳ್ಳರ ಅಲಾರಮ್ಮಿನ ಜೊತೆ ಬಂದದ್ದು ಮನೆಯಲ್ಲಿ ಬಿದ್ದಿತ್ತು. ಎರಡು ತಂತಿ. ಮೇಜಿನ ಮೇಲೆ ಚೆನ್ನಾಗಿಯೇ ಹತ್ತಿತ್ತು.

ಸಿದ್ದಾಪುರ ವೈರಿಂಗ್: ಆಗ ಸ್ವಿಚ್ಚು, ಆಯಸ್ಕಾಂತ ಎರಡೂ ತುಂಡುಗಳು ಅಂಟಿಕೊಂಡಿದ್ದವು ತಾನೇ? ಹೊಸ ಸೆಲ್ಲು ಹಾಕಿ, ಮೊಬೈಲಿನಲ್ಲಿ ವಿಡಿಯೊ ಶುರು ಮಾಡಿ ಒಳಗಿಟ್ಟು ಬಾಗಿಲು ಮುಚ್ಚಿ.

ತೋಟದಮನೆ: ನೋಡಿದೆ. ಒಳಗೆ ದೀಪಾವಳಿ! ಮುಚ್ಚಿದೊಡನೆ ಹತ್ತುತ್ತದೆ, ತೆರೆದೊಡನೆ ಆರುತ್ತದೆ.

ಸಿದ್ದಾಪುರ ವೈರಿಂಗ್: ನಿಮ್ಮ ಸ್ವಿಚ್ಚು ಆಯಸ್ಕಾಂತ ಹತ್ತಿರವಿದ್ದಾಗ ಕೂಡುವ ಜಾತಿಯದು. ನಿಮಗೆ ಬೇಕಾದದ್ದು ತದ್ವಿರುದ್ಧ. ಮೂರು ತಂತಿಯದು ತನ್ನಿ, ಆಯಸ್ಕಾಂತ ದೂರವಾದಾಗ ಕೂಡುವ ಜೋಡಿಗೆ ಕಟ್ಟಿ. ಕಬ್ಬಿಣಕ್ಕೆ ನೇರ ಅಂಟಿಸಿದರೆ ಸೆಳೆತ ಕುಗ್ಗುತ್ತದೆ, ಅಡಿಗೆ ಮರದ ಚೂರು ಕೊಡಿ. ಪಟ್ಟಿ ಎಷ್ಟುದ್ದ?

ತೋಟದಮನೆ: ಪೂರ್ತಿ ಐದು ಮೀಟರ್. ಕತ್ತರಿಸಲು ಮನಸ್ಸಾಗಲಿಲ್ಲ.

ಸಿದ್ದಾಪುರ ವೈರಿಂಗ್: ಮೀಟರಿಗೆ 4.8 ವಾಟ್ ಎಂದೇ ಹಿಡಿಯಿರಿ, ಐದಕ್ಕೆ 24 ವಾಟ್, ಅಂದರೆ 2 ಆಂಪಿಯರ್. ಪೆನ್ಸಿಲ್ ಸೆಲ್ಲು ಬದುಕುವುದು ಹೇಗೆ? ಇಷ್ಟು ಹೊರೆಗೆ ಆ ಸಣ್ಣ ಸ್ವಿಚ್ಚಿನೊಳಗಿನ ಲೋಹದ ನಾಲಗೆಯೂ ಇವತ್ತಲ್ಲ ನಾಳೆ ಬೆಸೆದುಕೊಳ್ಳುತ್ತದೆ. ಒಂದು ಮೀಟರ್ ಸಾಕು. ಮೂರು ಮೂರು ದೀಪಗಳಿಗೊಂದು ಗೆರೆ ಇದೆ, ಅಲ್ಲೇ ಕತ್ತರಿಸಿ.

ಕಡಲಬದಿ: ಕತ್ತರಿಸಿದ ತುದಿಗೆ ಸಿಲಿಕೋನ್ ಮೆತ್ತಿ. ತೇವ ಬಿಡುವುದಿಲ್ಲ.

ತೋಟದಮನೆ: ಹೊಸ ಸ್ವಿಚ್ಚು ಹಾಕಿದೆ, ತೆರೆದೊಡನೆ ಹತ್ತುತ್ತಿದೆ. ಅಷ್ಟರಲ್ಲಿ ಚುನಾವಣೆ ಬಂತು, ನಿನ್ನೆ ಕೋವಿಯನ್ನು ಠಾಣೆಗೆ ಒಪ್ಪಿಸಿ ಬಂದೆ. ಸದ್ಯ ಬರಿಯ ಕಪಾಟು ಝಗಝಗಿಸುತ್ತಿದೆ.

ಯಲ್ಲಾಪುರದವ: ಜಾಗ ಖಾಲಿ ಇದೆಯೆಂದಾಯಿತು. ಕ್ಯಾಮೆರಾ ಇದ್ದರೆ ಇಡಿ. ಒಂದು ಸೊನ್ನೆ ವಾಟಿನ ಬಲ್ಬು…